ಚಿಕ್ಕತಾಯಮ್ಮನ ಹಿತಕಿದವರೆ

ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಚಿಕ್ಕತಾಯಮ್ಮ ಅಡುಗೆಯವಳು. ಹುಡುಗಿಯರು ಒಂದು ಕೈಯಲ್ಲಿ ಉಣ್ಣುತ್ತ, ಇನ್ನೊಂದರಲ್ಲಿ ರೀಲ್ಸ್ ಉಜ್ಜುತ್ತಿದ್ದರು. ಪಕ್ಕದವಳ ಮುಖವನ್ನೂ ನೋಡುತ್ತಿರಲಿಲ್ಲ.

"ನಾಳೆಯಿಂದ ಊಟದ ಮನೆಯಲ್ಲಿ ಮೊಬೈಲ್ ಕಂಡರೆ ನಿನ್ನ ಕೆಲಸ ಹೋಯಿತು" ಎಂದು ವಾರ್ಡನ್ ಮೇಡಂ ಗುಡುಗಿದರು.

ಹುಡುಗಿಯರ ಮೊಬೈಲ್ ಕಿತ್ತುಕೊಳ್ಳಲು ಚಿಕ್ಕತಾಯಮ್ಮನಿಗೆ ಮನಸ್ಸಾಗಲಿಲ್ಲ. ಮರುದಿನ ಸಂಜೆ ನೆನೆಸಿದ ಅವರೆಕಾಳನ್ನು ಮೇಜುಗಳ ಮೇಲೆ ಸುರಿದಳು. "ಸಿಪ್ಪೆಯಿಂದ ಕಾಳು ಹಿತಕಿಕೊಟ್ಟರೆ ಸಾರು, ಇಲ್ಲದಿದ್ದರೆ ಬರೀ ಮುದ್ದೆ" ಎಂದಳು.

ಎಲ್ಲರ ಎರಡೂ ಕೈ ಒದ್ದೆಯಾದವು. ಮೊಬೈಲುಗಳು ಚೀಲ ಸೇರಿದವು. ಒಂದು ಕಾಳು ಚಿಮ್ಮಿ ಯಾರದೋ ಮೂಗಿಗೆ ತಗುಲಿತು. ನಗು ಎದ್ದಿತು, ಮಾತು ಹತ್ತಿತು. ಊಟಕ್ಕೆ ಕೂತರೂ ನಿಲ್ಲಲಿಲ್ಲ.

ಪರೀಕ್ಷಿಸಲು ಬಂದ ಮೇಡಂ ಬಾಗಿಲಲ್ಲೇ ನಿಂತರು. "ಅವರೆ ಕಾಲ ಮುಗಿದ ಮೇಲೆ ಏನು ಮಾಡ್ತೀಯ?"

"ಅಷ್ಟೊತ್ತಿಗೆ ಮಾತಾಡೋದು ರೂಢಿಯಾಗಿರುತ್ತೆ ಮೇಡಂ. ನಾಳೆಗೂ ನೆನೆಹಾಕಿದ್ದೀನಿ, ನೀವೂ ಒಂದು ಹಿಡಿ ಹಿತಕಿ."

ಮರುದಿನ ಮೇಡಂ ಸೆರಗು ಸಿಕ್ಕಿಸಿ ಹುಡುಗಿಯರ ನಡುವೆ ಕೂತರು.