ಉಣುಗು ಮೂಕವಾದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಯಾವ ಕಡೆ ಹರಿಯಬೇಕೆಂಬುದು ಹೊಳೆಗೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಹುಳ, ಅದೇ ಉಣುಗಿಗೆ, ಬಾಯಿತುಂಬ ಮಾತಿತ್ತು.

ಎಳ್ಳಿನಷ್ಟು ಮೈ, ಊರಿಗೆಲ್ಲ ಕೇಳುವ ದನಿ! ಹಸಿವಾದರೆ ಕಡವೆಯ ಕಿವಿಯಲ್ಲಿ ಕೂತು, "ಅಕ್ಕಾ, ಒಂದು ತೊಟ್ಟು ರಕ್ತ ಕುಡೀಲಾ?" ಎಂದು ಕೇಳುತ್ತಿತ್ತು. ಮನಸ್ಸಿದ್ದವರು ಕೊಡುತ್ತಿದ್ದರು. ಹೆಚ್ಚಿನವರು ಮೈ ಕೊಡವಿ ಹೋಗುತ್ತಿದ್ದರು.

ಅದೇ ಕಾಡಿನ ಪೊಟರೆಯಲ್ಲಿ ಜ್ವರ ಬಿದ್ದುಕೊಂಡಿತ್ತು. ಅದಕ್ಕೆ ಕಾಲಿರಲಿಲ್ಲ.

"ಗಾಳಿಯಣ್ಣಾ, ನನ್ನನ್ನು ಹೊತ್ತುಕೊಂಡು ಹೋಗು."

"ನೀನು ಸುಡುತ್ತೀಯ, ಒಲ್ಲೆ" ಎಂದಿತು ಗಾಳಿ.

"ಹೊಳೆಯಮ್ಮಾ, ನೀನಾದರೂ?"

"ನೀನು ಸುಡುತ್ತೀಯ, ಒಲ್ಲೆ" ಎಂದಳು ಹೊಳೆ.

ಹಸಿದ ಉಣುಗು ಮಾತ್ರ ನಿಂತು ಕೇಳಿತು.

"ಪೆದ್ದೇ, ನೀನು ಕೂಗುವುದಕ್ಕೇ ಎಲ್ಲರೂ ಕೊಡವುತ್ತಾರೆ" ಎಂದಿತು ಜ್ವರ. "ನಿನ್ನ ದನಿ ನನಗೆ ಕೊಡು. ನೀನು ಕಚ್ಚಿದ್ದು ಯಾರಿಗೂ ಗೊತ್ತಾಗದ ಹಾಗೆ ಮಾಡುತ್ತೇನೆ. ನನ್ನನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಸಾಕು."

ಹಾಳು ಹೊಟ್ಟೆ! ಉಣುಗು ಒಪ್ಪಿತು.

ಮೊದಲು ಸತ್ತದ್ದು ಒಂದು ಮುದಿ ಮಂಗ. ಮರದಿಂದ ತರಗೆಲೆಯ ಮೇಲೆ ಬಿತ್ತು.

ಕಾಡಂಚಿನ ಊರಲ್ಲಿ ಗುತ್ಯಮ್ಮ ಎಂಬ ಹೆಂಗಸಿದ್ದಳು. ನೀಲಿ ಅವಳ ಒಬ್ಬಳೇ ಮಗಳು. ಆ ಊರಲ್ಲಿ ಮಂಗ ಸತ್ತರೆ ಮನೆಯವರೇ ಸತ್ತ ಹಾಗೆ. ಹೂ ಹಾಕಿ, ಹೊತ್ತು, ಮಣ್ಣು ಮಾಡಬೇಕು.

ಗಾಳಿ ಓಡೋಡಿ ಬಂತು. "ಗುತ್ಯಮ್ಮಾ, ಹತ್ರ ಹೋಗ್ಬೇಡ! ಹೆಣ ತಣ್ಣಗಾಗ್ತಾ ಐತೆ. ಉಣುಗೆಲ್ಲ ಕೆಳಗಿಳಿದು ಬಿಸಿ ಮೈ ಹುಡುಕ್ತಾ ಅವೆ."

"ಉಣುಗು ಕೇಳ್ದೆ ಕಚ್ತದಾ? ಸತ್ತೋರನ್ನ ಹಂಗೇ ಬಿಟ್ಟು ಬರಾಕೆ ನಾವೇನ್ ಕಲ್ಲಾ?" ಎಂದಳು ಗುತ್ಯಮ್ಮ.

ಅವಳು ಕೆಟ್ಟವಳಲ್ಲ, ಮರ್ಯಾದೆ ತಿಳಿದವಳು. ಹೂವನ್ನು ನೀಲಿಯ ಕೈಗೇ ಕೊಟ್ಟಳು. ನೀಲಿ ತರಗೆಲೆಯಲ್ಲಿ ಮಂಡಿಯೂರಿ ಮಂಗನ ತಲೆ ನೇವರಿಸಿದಳು. ಯಾವ ದನಿಯೂ ಕೇಳಲಿಲ್ಲ. ಎಲ್ಲೂ ನೋಯಲಿಲ್ಲ.

ಕೆಲವು ದಿನ ಕಳೆದು ನೀಲಿಯ ಮೈ ಕಾದಿತು. "ಅವ್ವಾ, ತಲೆ ಸಿಡೀತದೆ" ಎಂದಳು. ಆಮೇಲೆ ಮೂಗಿನಿಂದ ರಕ್ತ ಬಂತು. ಆಮೇಲೆ ಕನವರಿಸತೊಡಗಿದಳು. ಆ ದನಿ ಅವಳದಲ್ಲ.

"ಅಕ್ಕಾ, ಒಂದು ತೊಟ್ಟು ರಕ್ತ ಕುಡೀಲಾ?"

ಅದು ಉಣುಗಿನ ದನಿಯೆಂದು ಗುತ್ಯಮ್ಮನಿಗೆ ಗೊತ್ತಾಯಿತು. ಮಗಳ ಕಾಲೆತ್ತಿ ನೋಡಿದಳು. ಮಂಡಿಯ ಹಿಂದಿನ ಮಡಿಕೆಯಲ್ಲಿ ಕಚ್ಚಿದ ಗುರುತಿತ್ತು. ಕೇಳುವುದನ್ನು ಕೇಳಿತ್ತು, ಕುಡಿದು ಮುಗಿಸಿದ ಮೇಲೆ. ಬೆಳಗಾಗುವಷ್ಟರಲ್ಲಿ ನೀಲಿ ಇರಲಿಲ್ಲ.

ಗುತ್ಯಮ್ಮ ಕಾಡಿಗೆ ಹೋಗಿ ಎದೆ ಬಡಿದುಕೊಂಡಳು. "ಮೊದ್ಲೇ ಒಂದು ಮಾತು ಕೇಳ್ಬಾರ್ದಿತ್ತಾ? ನನ್ನ ಮೈಯೇ ಕೊಡ್ತಿದ್ನಲ್ಲೋ!"

ಹುಲ್ಲಿನ ತುದಿಯಲ್ಲಿದ್ದ ಉಣುಗು ಬಾಯಿ ತೆರೆಯಿತು. ದನಿ ಬರಲಿಲ್ಲ. ಮುಂಗಾಲು ಚಾಚಿತು. ತಪ್ಪಾಯಿತು ಎಂದಿತೋ, ಅವಳನ್ನೂ ಹಿಡಿಯಲು ನೋಡಿತೋ, ಪಕ್ಕದಲ್ಲೇ ಇದ್ದ ಗಾಳಿಗೂ ತಿಳಿಯಲಿಲ್ಲ.

ಅವತ್ತಿನಿಂದ ಗುತ್ಯಮ್ಮ ಊರ ಬಾಗಿಲಲ್ಲಿ ನಿಂತಳು. ಕಾಡಿನಿಂದ ಬಂದ ಮಕ್ಕಳ ಬಟ್ಟೆ ಹೊರಗೇ ಬಿಚ್ಚಿಸಿದಳು. ಬಿಸಿನೀರು ಹೊಯ್ದು ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಮಡಿಕೆಯಲ್ಲಿ ಹುಡುಕಿದಳು. "ಸತ್ತ ಮಂಗ ಕಂಡ್ರೆ ದೂರದಿಂದ್ಲೇ ಕೈ ಮುಗೀರಿ, ಓಡಿ ಬಂದು ದೊಡ್ಡೋರಿಗೆ ಹೇಳ್ರಿ" ಎನ್ನುತ್ತಿದ್ದಳು. ಅನ್ನುವಾಗಲೆಲ್ಲ ಅಳುತ್ತಿದ್ದಳು.

ಅದಕ್ಕೇ ಮಗಾ, ಇವತ್ತಿಗೂ ಉಣುಗು ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿಕೊಂಡು ಮಾತಿಲ್ಲದೆ ಕಾಯುತ್ತದೆ. ಅದಕ್ಕೇ ಕಾಡಿನಿಂದ ಬಂದ ನಿನ್ನನ್ನು ಅವ್ವ ಬಚ್ಚಲಲ್ಲಿ ನಿಲ್ಲಿಸಿ, ನೀನೆಷ್ಟೇ ಗೊಣಗಿದರೂ ಬಿಡದೆ, ಮಂಡಿಯ ಹಿಂದೆ ಹುಡುಕುತ್ತಾಳೆ.