ಮೈಲುತುತ್ತದ ಗಡಿಗೆಯ ಬೂಷ್ಟು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಕಾವಿ ಉಡುವ ಮೊದಲು ಅವರು ಕೃಷಿ ಶಾಲೆಯಲ್ಲಿ ಬೂಷ್ಟು, ಅಣಬೆಗಳ ಪಾಠ ಹೇಳುತ್ತಿದ್ದರು.

ಪಕ್ಕದ ಓಣಿಯ ನೀಲವ್ವ ಒಂದು ಸೇರು ಕೆಂಜೋಳದ ಬೀಜ ತಂದು ಅವರಿಗೆ ಒಪ್ಪಿಸಿದ್ದಳು. ಅದು ಅವಳ ತವರಿನ ತಳಿ. ಈಗ ಯಾರ ಹೊಲದಲ್ಲೂ ಉಳಿದಿರಲಿಲ್ಲ.

ಬೀಜಕ್ಕೆ ಕಾಡಿಗೆ ರೋಗದ ಕಪ್ಪು ಪುಡಿ ಅಂಟಿತ್ತು. ಅದೂ ಒಂದು ಬೂಷ್ಟೇ. ಹಾಗೇ ಬಿತ್ತಿದರೆ ತೆನೆಯಲ್ಲಿ ಕಾಳಿನ ಬದಲು ಮಸಿ ತುಂಬುತ್ತದೆ. ತಾಮ್ರದ ನೀಲಿ ಉಪ್ಪು, ಮೈಲುತುತ್ತ, ಅದಕ್ಕೆ ಮದ್ದು.

“ಗಡಿಗಿ ನೀರಿಗೆ ಚಿಟಿಕಿ ಹಾಕು. ಹತ್ತು ನಿಮಿಷ ನೆನಸು. ಅಷ್ಟ ಸಾಕು,” ಎಂದು ಗುರುಗಳು ಶಿಷ್ಯ ತೋಂಟಪ್ಪನಿಗೆ ಹೇಳಿದರು.

ತೋಂಟಪ್ಪ ಹಿಡಿ ತುಂಬ ಹಾಕಿದ. ಇಡೀ ದಿನ ನೆನೆಸಿದ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬೇರೆಯವರಿಗೆ ಹೇಳುವಷ್ಟು ಚೆನ್ನಾಗಿ ಗೊತ್ತಿತ್ತು.

ಒದ್ದೆ ಗೋಣಿಯ ಮೇಲೆ ಹರಡಿದ ಬೀಜ ಐದು ದಿನವಾದರೂ ಮೊಳೆಯಲಿಲ್ಲ. ಒಂದು ಕಾಳೂ ಮೊಳೆಯಲಿಲ್ಲ. ಗಡಿಗೆಯಲ್ಲಿ ಉಳಿದ ನೀಲಿ ನೀರಿನ ಮೇಲೆ ಮಾತ್ರ ಬಿಳಿ ಬೂಷ್ಟು ಬೆಳೆದಿತ್ತು.

ಅವನು ಗಡಿಗೆಯನ್ನು ಹೊತ್ತು ತಂದು ಗುರುಗಳ ಮುಂದಿಟ್ಟ.

“ಕಾಯಬೇಕಾದ್ದು ಸತ್ತೈತ್ರಿ ಅಜ್ಜಾರ. ಕೊಲ್ಲಬೇಕಾದ್ದರ ಕುಲ ಬದುಕೈತಿ. ಇಷ್ಟು ತಾಮ್ರ ಕುಡದು ಇದು ಹ್ಯಾಂಗ ಉಳೀತು?”

ಗುರುಗಳು ಗಡಿಗೆಯನ್ನು ನೋಡಿದರು.

“ಒಲಿ ಆರೈತಿ. ನೀಲವ್ವನ ಮನಿಯಿಂದ ಕೆಂಡ ತಗೊಂಡು ಬಾ.”

ತೋಂಟಪ್ಪನ ಮುಖ ಬಿಳುಚಿತು. “ಬ್ಯಾರೆ ಮನಿಗೆ ಹೋಗ್ಲೇನ್ರಿ?”

“ನೀಲವ್ವನ ಮನಿಗೆ.”

ಹೋದ. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟ.

ನೀಲವ್ವನಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

“ನಮ್ಮವ್ವ ಉಡಿಯಾಗ ಹಾಕಿ ಕಳಿಸಿದ ಬೀಜ ಅದು,” ಎಂದಳು.

ಆಮೇಲೆ ಹಂಚಿನ ಚೂರಿನಲ್ಲಿ ಬೂದಿ ಹಾಸಿ, ಎರಡು ಕೆಂಡ ಇಟ್ಟು, ಮೇಲೂ ಬೂದಿ ಮುಚ್ಚಿ ಕೊಟ್ಟಳು. ಜಂತಿಗೆ ಕಟ್ಟಿದ್ದ ಒಂದು ತೆನೆಯನ್ನು ಬಿಚ್ಚಿ ಅವನ ಇನ್ನೊಂದು ಕೈಗಿಟ್ಟಳು.

“ಇದ ಕಡೀದು. ಇದಕ್ಕೂ ಕಾಡಿಗಿ ಹತ್ತೈತಿ. ಗುರುಗಳಿಗೆ ಕೊಡು.”

ಕೆಂಡ ಆಶ್ರಮದ ಒಲೆ ಸೇರಿತು. ಗುರುಗಳು ಊದಿ ಬೆಂಕಿ ಮಾಡಿದರು.

“ಅಂಗೈಯಾಗ ಯಾಕ ತರಲಿಲ್ಲ?”

“ಸುಡತೈತ್ರಿ.”

“ದಾರಿಯಾಗ ಬಣವಿ ಇತ್ತಲ್ಲ. ಅದರ ಮ್ಯಾಲ ಇಟ್ಟು ಒಂದೀಟು ದಣಿವಾರಿಸ್ಕೋಬೇಕಿತ್ತು.”

“ಓಣಿನ ಉರೀತಿತ್ರಿ!”

“ಹಂಗಾರ ಕೆಂಡನ ಬ್ಯಾಡ ಅಂದುಬಿಡೂಣು.”

“ಗಂಜಿ ಹ್ಯಾಂಗ ಬೇಯತೈತ್ರಿ?”

ಗುರುಗಳು ಬೂಷ್ಟಿನ ಕಡೆ ಕೈ ತೋರಿಸಿದರು.

“ಇದರ ಮೈಯಾಗೂ ತಾಮ್ರ ಹಿಂಗ ನಡೀತೈತಿ. ತಾಮ್ರ ಇಲ್ಲಂದ್ರ ಇದಕ್ಕ ಉಸಿರಿಲ್ಲ. ಅದ ತಾಮ್ರ ಒಳಗ ಸಡಿಲಾಗಿ ಓಡಾಡಿದ್ರ ಜೀವ ಇಲ್ಲ. ಅದನ್ನ ಹೊರಾಕ ಕಣ್ಣಿಗೆ ಕಾಣದ ಆಳು ಒಳಗ ಅದಾರ. ಬಾಗಿಲದಾಗ ಒಬ್ಬಾಂವ ಇಸ್ಕೊಂತಾನ, ಇನ್ನೊಬ್ಬಗ ಕೊಡತಾನ. ಅಂವ ಎಲ್ಲೂ ಇಳಿಸದ ಒಲಿ ಮುಟ್ಟಸ್ತಾನ. ಹೆಚ್ಚಾದ್ದನ್ನ ಬೂದಿ ಮುಚ್ಚಿ ಇಡತಾರ. ಸಾಕಾತಂದ್ರ ಬಾಗಿಲ ಹಾಕ್ತಾರ. ಅದಕ್ಕ ಉಳೀತು.”

ಒಲೆಗೆ ಕಟ್ಟಿಗೆ ಸೇರಿಸಿ ಹೇಳಿದರು: “ಬೀಜಕ್ಕ ನೀ ಬುಟ್ಟಿಲೆ ಕೆಂಡ ಸುರುವಿದಿ.”

ತೋಂಟಪ್ಪ ಅತ್ತುಬಿಟ್ಟ. ನೀಲವ್ವನ ಎದುರು ತಡೆದಿದ್ದ ಅಳು ಅದು.

“ಇನ್ನ ಮೈಲುತುತ್ತ ಮುಟ್ಟಾಂಗಿಲ್ರಿ. ಡಬ್ಬಿ ಒಯ್ದು ಹೂಳಿಬಿಡತೀನಿ.”

ಗುರುಗಳು ಎದ್ದರು. ಹೊಸ ಗಡಿಗೆಯಲ್ಲಿ ನೀರು ತುಂಬಿದರು. ಪಕ್ಕದಲ್ಲಿ ಮೈಲುತುತ್ತದ ಡಬ್ಬಿ ಇಟ್ಟರು. ನೀಲವ್ವನ ಕೊನೆಯ ತೆನೆಯನ್ನು ಶಿಷ್ಯನ ಮುಂದೆ ಹಿಡಿದರು.

ತೋಂಟಪ್ಪ ಹಿಂದೆ ಸರಿದ. “ನನ್ನ ಕೈಲೆ ಬ್ಯಾಡ್ರಿ ಅಜ್ಜಾರ. ಇದೊಂದ ಉಳದೈತಿ.”

“ಕೆಂಡ ತಂದದ್ದು ಯಾರ ಕೈಯೋ, ತೋಂಟಪ್ಪಾ?”