ಸೀಟಿಗಂಟಿದ ಪಕ್ಷ

ಶರಣೇಗೌಡರು ಪಕ್ಷ ಬದಲಿಸಿದ ದಿನವೇ ಕಾರಿನ ಹಿಂದಿನ ಸೀಟಿಗೆ ಅಂಟಿದ್ದ ಹಳೆಯ ಪಕ್ಷದ ಸ್ಟಿಕ್ಕರನ್ನು ಕಿತ್ತೆಳೆದರು. ಕಾಗದ ಬಂತು, ಗೋಂದು ಉಳಿಯಿತು. ಅದಕ್ಕೆ ಧೂಳು ಕೂತು, ಬೆಳಗಾಗುವಷ್ಟರಲ್ಲಿ ಹಳೆಯ ಚಿಹ್ನೆ ಮೊದಲಿಗಿಂತ ಸ್ಪಷ್ಟವಾಗಿ ಕಾಣತೊಡಗಿತು. ಹೊಸ ಪಕ್ಷದ ಜಿಲ್ಲಾಧ್ಯಕ್ಷರು ಅದೇ ಸೀಟಿನಲ್ಲಿ ಕೂತು ಸಭೆಗೆ ಹೊರಡುವವರಿದ್ದರು.

ಗೌಡರು ಡ್ರೈವರನ್ನು ಕರೆದರು. "ಮೌಲಾ, ಒಂದು ತಾಸಿನಾಗ ಇದು ಹೋಗಬೇಕು. ಸೀಟಿನ ಬಟ್ಟಿ ಹರೀಬಾರದು, ಪೆಟ್ರೋಲ್ ವಾಸನಿ ಬರಬಾರದು. ಇಲ್ಲಾಂದ್ರ ಕೀಲಿಕೈ ಇಟ್ಟು ಮನಿಗೆ ಹೋಗು."

ಹದಿನಾಲ್ಕು ವರ್ಷ ಆ ಮನೆಯ ಕಾರು ಓಡಿಸಿದ ಮೌಲಾಸಾಬ ಸೋಡಾ ಅಂಗಡಿಯಿಂದ ಐಸ್ ತಂದ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೋಂದಿನ ಮೇಲಿಟ್ಟು ಕಾದ. ಗೋಂದು ಗಟ್ಟಿಯಾದಾಗ ಚಮಚದ ಅಂಚಿನಿಂದ ಮೆಲ್ಲಗೆ ಎಬ್ಬಿಸಿದ. ಉಳಿದ ಜಿಗುಟನ್ನು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದ.

ಗೌಡರು ಸೀಟು ಸವರಿ ನೋಡಿದರು. ಶಹಬ್ಬಾಸ್ ಅನ್ನಲಿಲ್ಲ. ಜೇಬಿನಿಂದ ಹೊಸ ಪಕ್ಷದ ಸ್ಟಿಕ್ಕರ್ ತೆಗೆದು, "ಅದೇ ಜಾಗಕ್ಕ ಇದನ್ನ ಅಂಟಿಸು" ಎಂದರು.

ಮೌಲಾಸಾಬ ಅದನ್ನು ಎರಡೂ ಕೈಯಲ್ಲಿ ವಿನಯದಿಂದ ತೆಗೆದುಕೊಂಡ. "ಗೌಡ್ರ, ಈ ಸಲ ಪಿನ್ನು ಚುಚ್ಚಲೇನ್ರೀ? ಮುಂದ ತೆಗಿಯಾಕ ಸಲೀಸು ಆಗ್ತದ."

ಗೌಡರು ಸ್ಟಿಕ್ಕರನ್ನು ವಾಪಸು ಇಸಿದುಕೊಂಡು ಜೇಬಿಗಿಟ್ಟರು.

"ಸೀಟು ಹಂಗೇ ಇರಲಿ" ಎಂದರು.